ಜಾಂಜಿಬಾರಿನಲ್ಲಿ ಎರಡು ಅಂದರೆ ಎಂಟು

ಹಲಸೂರು, ಹೊರಡುವ ಮುಂಚೆ

ನನ್ನನ್ನು ಆಫ್ರಿಕಾಕ್ಕೆ ಕಳಿಸಿದ್ದು ನಾನೇ ಹಾಕಿದ ಪ್ರಶ್ನಾರ್ಥಕ ಚಿಹ್ನೆಗಳು.

ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ, ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಪುಟ್ಟ ಪ್ರಕಾಶನವಿದೆ. ಕನ್ನಡದಲ್ಲಿ ಪ್ರವಾಸದ ಕೈಪಿಡಿಗಳನ್ನು ತರುತ್ತೇವೆ. ಆರು ವರ್ಷದಿಂದ ನಾನು ಅಲ್ಲಿ ಕರಡು ತಿದ್ದುತ್ತೇನೆ. ಇಲ್ಲಿಯವರೆಗೆ ನಮ್ಮ ಪುಸ್ತಕಗಳು ಕರ್ನಾಟಕ ಬಿಟ್ಟು ಆಚೆ ಕಾಲಿಟ್ಟಿರಲಿಲ್ಲ. ಜಾಂಜಿಬಾರ್ ಮೊದಲನೆಯದು. ಹಸ್ತಪ್ರತಿ ಬರೆದವರು ಆ ದ್ವೀಪವನ್ನು ಕಂಪ್ಯೂಟರಿನಲ್ಲಷ್ಟೇ ನೋಡಿದ್ದರು. ಒಂದೇ ಊರಿಗೆ ಮೂರು ಪುಟಗಳಲ್ಲಿ ಮೂರು ಕಾಗುಣಿತವಿತ್ತು. ನಾನು ಅಂಚಿನ ತುಂಬ ಪ್ರಶ್ನೆ ಹಾಕುತ್ತಾ ಹೋದೆ. ಒಂದು ಕಡೆ 'ಇಲ್ಲಿ ಸಮಯವನ್ನು ಬೇರೆ ರೀತಿ ಎಣಿಸುತ್ತಾರೆ' ಎಂದಿತ್ತು. 'ಅರ್ಥವಿಲ್ಲದ ವಾಕ್ಯ, ತೆಗೆಯಬಹುದು' ಎಂದು ಬರೆದು ಅಡ್ಡಗೆರೆ ಎಳೆದೆ.

ನಮ್ಮ ಪ್ರಕಾಶಕಿ ವಸಂತಾ ಮೇಡಂ ಆ ಕಟ್ಟನ್ನು ಮೇಜಿನ ಮೇಲೆ ಇಟ್ಟು ನನ್ನ ಮುಖ ನೋಡಿದರು. "ಇಷ್ಟೊಂದು ಡೌಟ್ ಇದ್ರೆ ನೀನೇ ಹೋಗಿ ನೋಡ್ಕೊಂಡ್ ಬಾರಮ್ಮ."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಎಂಟು ದಿನ, ಜೊತೆಗೆ ನಮ್ಮ ಫೋಟೋಗ್ರಾಫರ್ ಆರೋಗ್ಯಸ್ವಾಮಿ. ಮೂರು ಕೆಲಸ: ಊರುಗಳ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ತೀರ್ಮಾನಿಸುವುದು, ಸಮಯವನ್ನು ಹೇಗೆ ಬರೆಯಬೇಕೆಂದು ತೀರ್ಮಾನಿಸುವುದು, ಮುಖಪುಟಕ್ಕೆ ಒಂದು ಚಿತ್ರ ತರುವುದು. ವಾಪಸ್ ಬಂದ ವಾರವೇ ಪುಸ್ತಕ ಅಚ್ಚಿಗೆ.

ಬೈಯಪ್ಪನಹಳ್ಳಿಯ ನಮ್ಮ ಬಾಡಿಗೆ ಕೋಣೆಯಲ್ಲಿ ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿಬಿಟ್ಟಳು. ಅವ್ವ ಹತ್ತಿರದ ಪಿ.ಜಿ. ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಾಳೆ. ಕಲಬುರಗಿ ಕಡೆಯಿಂದ ನಾವಿಬ್ಬರೂ ಇಲ್ಲಿಗೆ ಬಂದು ಹನ್ನೊಂದು ವರ್ಷ. ನಮ್ಮ ಪಾಲಿಗೆ ದೂರದ ಪ್ರಯಾಣವೆಂದರೆ ಅಲ್ಲಿಂದ ಇಲ್ಲಿಗೆ ಬಂದ ರಾತ್ರಿ ರೈಲೇ.

"ಸಮುದ್ರದಾಗ ಇರೋ ಊರೇನವ್ವಾ? ಸುತ್ತ ನೀರೇ?" ಎಂದಳು.

"ಹ್ಞೂಂ ಅವ್ವ, ಸುತ್ತ ನೀರೇ."

"ಮತ್ತ ಬಕೇಟು ಹಿಡದು ಸಾಲು ನಿಂದ್ರಬೇಕಿಲ್ಲ ಬಿಡು," ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಎರಡನೆಯ ದಿನ, ಸ್ಟೋನ್ ಟೌನ್ ದಡ

ಸ್ವಾಮಿ ಅಣ್ಣ ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಐವತ್ತೈದರ ಆಸುಪಾಸು. ಮನೆಮಾತು ತಮಿಳು, ಬೀದಿಮಾತು ದಖ್ಖನಿ, ಆಫೀಸಿನ ಮಾತು ಕನ್ನಡ, ಸಿಟ್ಟಿನ ಮಾತು ಇಂಗ್ಲಿಷ್. ಬಿ.ಪಿ. ಮಾತ್ರೆಯನ್ನು ಹೆಂಡತಿ ಹೇಳಿದ ಹೊತ್ತಿಗೇ ನುಂಗಬೇಕೆಂದು ಕೈಗಡಿಯಾರದ ಮುಳ್ಳು ತಿರುಗಿಸಲು ಒಪ್ಪಲಿಲ್ಲ. ಹಾಗಾಗಿ ನನ್ನ ಕೈಯಲ್ಲಿ ಜಾಂಜಿಬಾರ್, ಅವರ ಕೈಯಲ್ಲಿ ಬೆಂಗಳೂರು. ನಡುವೆ ಎರಡೂವರೆ ಗಂಟೆಯ ಅಂತರ.

ಆಮೆಗಳ ದ್ವೀಪಕ್ಕೆ ಕರೆದೊಯ್ಯಲು ಜುಮಾ ಎಂಬ ದೋಣಿಯವರು ಹಿಂದಿನ ಸಂಜೆಯೇ ಒಪ್ಪಿಕೊಂಡಿದ್ದರು. ಹರಕು ಇಂಗ್ಲಿಷಿನಲ್ಲಿ, ಎರಡು ಬೆರಳು ಎತ್ತಿ, "ನಾಳೆ, ಎರಡು ಗಂಟೆ, ಸರಿಯಾಗಿ," ಎಂದಿದ್ದರು.

ನಾವು ಬೆಳಿಗ್ಗೆಯೆಲ್ಲ ಕೆತ್ತನೆಯ ಬಾಗಿಲುಗಳನ್ನು ನೋಡುತ್ತಾ ಹಳೇ ಪೇಟೆ ಸ್ಟೋನ್ ಟೌನಿನ ಓಣಿಗಳಲ್ಲಿ ದಾರಿ ತಪ್ಪಿಸಿಕೊಂಡೆವು. ತೃಪ್ತಿಯಾಗುವಷ್ಟು ಊಟ ಮಾಡಿ ಎರಡಕ್ಕೆ ಐದು ನಿಮಿಷ ಇರುವಾಗಲೇ ದಡದಲ್ಲಿ ನಿಂತೆವು. ಇಷ್ಟು ಶಿಸ್ತಾಗಿ ನಾವಿಬ್ಬರೂ ಆಫೀಸಿಗೆ ಹೋದದ್ದೇ ಇಲ್ಲ.

ಜುಮಾ ನಮ್ಮನ್ನು ಕಂಡು ತಲೆಯ ಮೇಲೆ ಕೈ ಇಟ್ಟುಕೊಂಡರು. "ಎಲ್ಲಿ ಹೋಗಿದ್ರಿ? ಎರಡು ಗಂಟೆ ಅಂದಿದ್ದೆ!"

"ಎರಡು ಗಂಟೆಗೇ ಬಂದಿದೀವಲ್ಲ!"

"ಈಗ ಎಂಟು!"

ಸ್ವಾಮಿ ಅಣ್ಣ ತಮ್ಮ ಗಡಿಯಾರ ನೋಡಿಕೊಂಡರು. "ನಂದ್ರಲ್ಲಿ ನಾಲ್ಕೂವರೆ ಕಣಮ್ಮಾ. ಯಾರಿಗೆ ತಲೆ ಕೆಟ್ಟಿರೋದು, ನಂಗಾ, ನಿಂಗಾ, ಇವ್ರಿಗಾ?"

ಜುಮಾ ತಮ್ಮ ಕೈಯನ್ನು ನನ್ನ ಮುಖದ ಮುಂದೆ ಹಿಡಿದರು. ಅವರ ಗಡಿಯಾರದಲ್ಲೂ ಎರಡೇ ಗಂಟೆ. ಗಂಟೆಯ ಮುಳ್ಳಿನ ಚೂಪು ತುದಿಯನ್ನು ಬೆರಳಿನಿಂದ ಮುಚ್ಚಿ, ಅದರ ನೇರ ಎದುರಿನ ಅಂಕಿ ತೋರಿಸಿದರು. ಎಂಟು. ಅವರ ಹೊತ್ತು ಹುಟ್ಟುವುದು ಸೂರ್ಯ ಹುಟ್ಟಿದಾಗ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಬೆಳಿಗ್ಗೆ ಎಂಟಕ್ಕೇ ಅವರು ನಮಗಾಗಿ ಕಾದು, ಬೇರೆ ಯಾರನ್ನೋ ಹತ್ತಿಸಿಕೊಂಡು ಹೋಗಿ, ಆಮೆ ತೋರಿಸಿ, ವಾಪಸ್ ಬಂದು ಊಟವನ್ನೂ ಮುಗಿಸಿದ್ದರು.

'ಅರ್ಥವಿಲ್ಲದ ವಾಕ್ಯ, ತೆಗೆಯಬಹುದು.' ನನ್ನದೇ ಕೈಬರಹ ಕಣ್ಣ ಮುಂದೆ ಬಂತು. ನಗು ಹೇಗೆ ಒತ್ತರಿಸಿತೆಂದರೆ ಮರಳಿನ ಮೇಲೆ ಕೂತುಬಿಟ್ಟೆ. ಜುಮಾ ಕೂಡ ಕೂತು ನಕ್ಕರು. ಸ್ವಾಮಿ ಅಣ್ಣ ಮಾತ್ರ ನಿಂತೇ ಇದ್ದು, ತಮ್ಮ ಗಡಿಯಾರದ ಮುಳ್ಳಿನ ಎದುರು ಯಾವ ಅಂಕಿ ಇದೆಯೆಂದು ಹುಡುಕುತ್ತಿದ್ದರು.

ಬುಬುಬು ದಾರಿ

ನಾವು ಉಳಿದಿದ್ದ ಮನೆಯೊಡತಿ ಜುಹುರಾ. ಹಿರಿಯ ಹೆಂಗಸರನ್ನು ಅಲ್ಲಿ 'ಬಿ' ಸೇರಿಸಿ ಕರೆಯುತ್ತಾರೆ; ಹಾಗಾಗಿ ಬಿ ಜುಹುರಾ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಹಬಾರಿ?" ಎನ್ನುತ್ತಿದ್ದರು. ಖಬರ್! ನಮ್ಮ ಕಡೆ ಯಾರು ಎದುರಾದರೂ "ಏನ್ ಖಬರ್?" ಎನ್ನುವುದಿಲ್ಲವೇ, ಅದೇ. ಅಂಗಡಿ 'ದುಕಾ', ಗಾಡಿ 'ಗಾರಿ', ಲೆಕ್ಕ 'ಹೆಸಾಬು', ಪುಸ್ತಕ 'ಕಿತಾಬು', ಹೊತ್ತು 'ವಕಾತಿ'. ಶಿವಾಜಿನಗರದ ಬಸ್ ಸ್ಟ್ಯಾಂಡನ್ನು ಯಾರೋ ಎತ್ತಿ ತಂದು ಸಮುದ್ರದ ಪಕ್ಕ ಇಳಿಸಿದ್ದಾರೇನೋ ಎನಿಸಿತು. ಮೂರನೆಯ ದಿನದ ಹೊತ್ತಿಗೆ ಸ್ವಾಮಿ ಅಣ್ಣ ದಖ್ಖನಿಯಲ್ಲೇ ಚೌಕಾಸಿ ಶುರುಮಾಡಿದ್ದರು. ಅರ್ಧ ಅರ್ಥವಾಗುತ್ತಿತ್ತು. ಇನ್ನರ್ಧಕ್ಕೆ ಎರಡೂ ಕಡೆಯವರು ನಗುತ್ತಿದ್ದರು.

ಹೆಸರುಗಳ ಪರೀಕ್ಷೆಗೆ ನಾನೊಂದು ಉಪಾಯ ಮಾಡಿದೆ. ಮಿನಿ ಬಸ್ಸಿನಲ್ಲಿ ಕೂತು, ಕನ್ನಡದಲ್ಲಿ ಬರೆದುಕೊಂಡ ಹೆಸರನ್ನು ಬರೆದ ಹಾಗೇ ಗಟ್ಟಿಯಾಗಿ ಓದುವುದು. ಪಕ್ಕದವರಿಗೆ ಅರ್ಥವಾದರೆ ಕಾಗುಣಿತ ಪಾಸು. ಬುಬುಬು ಎಂಬ ಊರು ಮೊದಲ ಸಲಕ್ಕೇ ಪಾಸಾಯಿತು. ಅದನ್ನು ತಪ್ಪಾಗಿ ಬರೆಯಲು ಸಾಧ್ಯವೇ ಇಲ್ಲ. ನಗದೆ ಓದಲೂ ಸಾಧ್ಯವಿಲ್ಲ.

ಸಿಕ್ಕಿಬಿದ್ದದ್ದು ಅದರ ಹಿಂದಿನ ನಿಲ್ದಾಣ. ಹಸ್ತಪ್ರತಿಯಲ್ಲಿ ಒಂದು ಕಡೆ 'ಎಂಟೋನಿ', ಇನ್ನೊಂದು ಕಡೆ 'ಮಟೋನಿ'. ನಾನು "ಎಂಟೋನಿ" ಎಂದೆ. ಪಕ್ಕದ ಅಜ್ಜಿ ತಲೆಯಾಡಿಸಿದರು, ಗೊತ್ತಿಲ್ಲ.

"ಅಂತೋಣಿ ಥರ ಕೇಳ್ಸುತ್ತಮ್ಮಾ," ಎಂದರು ಸ್ವಾಮಿ ಅಣ್ಣ. "ನಮ್ ಚರ್ಚಲ್ಲಿ ಹತ್ತು ಜನ ಇದಾರೆ."

"ಮಟೋನಿ" ಎಂದೆ. ಇಲ್ಲ. ಮುಂದಿನ ಸೀಟಿನವರು ತಿರುಗಿದರು. ಒಬ್ಬೊಬ್ಬರೂ ನನ್ನ ತುಟಿ ನೋಡತೊಡಗಿದರು. ಅಜ್ಜಿ ನನ್ನ ಗದ್ದ ಹಿಡಿದು, ತಮ್ಮ ಬಾಯಿ ಬಿಗಿಯಾಗಿ ಮುಚ್ಚಿ, ಮೂಗಿನಲ್ಲಿ 'ಮ್' ಎಂದು ಗುನುಗಿ, ಆಮೇಲೆ ಬಾಯಿ ತೆರೆದು ತೋರಿಸಿದರು.

"ಮ್... ಟೋನಿ!"

"ಮ್ಟೋನಿ," ಎಂದೆ.

ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಆ ಸಡಗರದಲ್ಲಿ ಮ್ಟೋನಿ ಹಿಂದೆ ಸರಿದುಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಅಲ್ಲಿ ಇಳಿಯಬೇಕಿದ್ದ ಅಜ್ಜಿಯೂ ನಮ್ಮ ಜೊತೆ ಬುಬುಬುವಿಗೆ ಬಂದುಬಿಟ್ಟರು.

ವಾಪಸ್ ಬರುವಾಗ ಸ್ವಾಮಿ ಅಣ್ಣ ಹೇಳಿದರು, "ನೋಡಮ್ಮಾ, ನಮ್ ಏರಿಯಾನ ನಮ್ಮಪ್ಪ ಅಲಸೂರು ಅಂತಿದ್ರು. ಸ್ಕೂಲಲ್ಲಿ ಅಲ್ಸೂರ್ ಅಂದ್ರು. ಈಗ ಬೋರ್ಡಲ್ಲಿ ಹಲಸೂರು. ನಮ್ಮನ್ನ ಯಾರೂ ಹಿಂಗೆ ಬಾಯಿ ನೋಡಿ ಕೇಳ್ಲಿಲ್ಲ."

ಆ ಸಂಜೆ ನಿಯಮ ಬರೆದೆ. ಮುಖಪುಟದ ಮೇಲೆ ಎಲ್ಲರಿಗೂ ಗೊತ್ತಿರುವ 'ಜಾಂಜಿಬಾರ್'. ಒಳಗೆ ಪ್ರತಿ ಊರೂ ಅಲ್ಲಿಯವರ ಬಾಯಿ ಹೇಳಿದ ಹಾಗೆ. ತುಟಿ ಮುಚ್ಚಬೇಕಾದಲ್ಲಿ ಓದುಗರೂ ತುಟಿ ಮುಚ್ಚಲಿ.

ಆರನೆಯ ದಿನ, ನುಂಗ್ವಿ

ಉತ್ತರದ ತುದಿಯ ನುಂಗ್ವಿಯಲ್ಲಿ ಮರದ ದೊಡ್ಡ ಹಾಯಿದೋಣಿಗಳನ್ನು ಕಟ್ಟುತ್ತಾರೆ. ಜುಮಾರ ಭಾವ ಕಟ್ಟಿದ ಹೊಸ ದೋಣಿಯನ್ನು ಹುಣ್ಣಿಮೆಯ ಮಾರನೆಯ ದಿನ, ಉಬ್ಬರ ಏರಿದಾಗ, ನೀರಿಗೆ ಇಳಿಸುವವರಿದ್ದರು. ಮುಖಪುಟಕ್ಕೆ ಅದೇ ಚಿತ್ರ ಬೇಕೆಂದು ಮೇಡಂ ಹೇಳಿದ್ದರು. ತಪ್ಪಿಸಿಕೊಂಡರೆ ಇನ್ನೊಂದಿಲ್ಲ.

ಟ್ಯಾಕ್ಸಿಯ ಹಮೀಸ್ ಇಂಗ್ಲಿಷಿನಲ್ಲಿ "ಒಂದು ಗಂಟೆಗೆ ಬರ್ತೀನಿ" ಎಂದಿದ್ದ. ನಾನು ಈಗ ಪಂಡಿತೆ. ಒಂದು ಅಂದರೆ ಏಳು! ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ, ಕ್ಯಾಮೆರಾ ಹೊತ್ತು ಇಬ್ಬರೂ ಬೀದಿಯಲ್ಲಿ ನಿಂತೆವು. ಏಳೂಕಾಲು. ಏಳೂವರೆ. ಹಮೀಸ್ ಇಲ್ಲ, ಫೋನ್ ತೆಗೆಯುತ್ತಿಲ್ಲ.

"ಕೈ ಕೊಟ್ಟ ಕಣಮ್ಮಾ. ಬಾ, ಬಸ್ಸಲ್ಲಿ ಹೋಗೋಣ. ಟಿನ್ ಫ್ಯಾಕ್ಟರೀಲಿ ಬಸ್ ಹತ್ತಿದವ್ನಿಗೆ ಇದೇನ್ ಮಹಾ," ಎಂದರು ಸ್ವಾಮಿ ಅಣ್ಣ. ನಿಜ, ಬೆಂಗಳೂರಿನ ಆ ಗಿಜಿಗುಡುವ ಸ್ಟಾಪಿನಲ್ಲಿ ಬಸ್ ಹತ್ತಲು ಕಲಿತವರು ಜಗತ್ತಿನ ಎಲ್ಲಿ ಬೇಕಾದರೂ ಹತ್ತಬಲ್ಲರು. ಒಂದು ಕಾಲು ಒಳಗೆ, ಕ್ಯಾಮೆರಾ ಯಾರದೋ ತೊಡೆಯ ಮೇಲೆ, ಬಾಳೆಗೊನೆ ನಮ್ಮ ತೊಡೆಯ ಮೇಲೆ.

ಒಂಬತ್ತಕ್ಕೆ ನುಂಗ್ವಿ ಮುಟ್ಟಿದೆವು. ದಡದಲ್ಲಿ ದೋಣಿ ಮನೆಯಷ್ಟು ಎತ್ತರ ನಿಂತಿತ್ತು. ಅದರ ನೆರಳಲ್ಲಿ ಒಂದು ಆಡು. ಬೇರೆ ಯಾರೂ ಇಲ್ಲ. ಸಮುದ್ರವಂತೂ ಜಗಳವಾಡಿಕೊಂಡು ತವರಿಗೆ ಹೋದ ಹಾಗೆ ದೂರದಲ್ಲೆಲ್ಲೋ ಇತ್ತು.

ತೆಂಗಿನ ನಾರು ಹೊಸೆಯುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ. ದೋಣಿ ಯಾವಾಗ? ಅವರು ಎರಡೂ ಕೈಯ ಹತ್ತು ಬೆರಳು ತೋರಿಸಿದರು. ಹತ್ತು. ಅಂದರೆ ನಮ್ಮ ನಾಲ್ಕು. ಏಳು ಗಂಟೆ ಕಾಯಬೇಕು.

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಆ ಹೆಂಗಸು ಪಕ್ಕದ ಚಾಪೆ ತಟ್ಟಿ ಕೂರಿಸಿಕೊಂಡು, ನಾರು ಕೈಗಿತ್ತು, ಹೊಸೆಯುವುದನ್ನು ತೋರಿಸಿದರು. ನನ್ನ ಹಗ್ಗ ನೋಡಿ ಬಿದ್ದು ಬಿದ್ದು ನಕ್ಕು, ನಾನು ಆಚೆ ನೋಡಿದಾಗ ಅದನ್ನು ಬಿಚ್ಚಿ ಮತ್ತೆ ಹೊಸೆದರು.

ಆಗ ಅವ್ವನ ಫೋನ್ ಬಂತು. ಬೆಳಗಿನ ತಿಂಡಿಯ ಪಾತ್ರೆ ತೊಳೆದು, ಮಧ್ಯಾಹ್ನದ ಅನ್ನಕ್ಕೆ ಇಡುವ ಮೊದಲು ಸಿಗುವ ಬಿಡುವು.

"ಯಾಕ ಇಷ್ಟು ನಗಲಕತ್ತಿ?"

ಎಲ್ಲ ಹೇಳಿದೆ. "ಇಲ್ಲಿ ಈಗ ಒಂಬತ್ತು ಗಂಟಿ ಆಗ್ಯಾದ ಅವ್ವ. ಇವ್ರು ಮೂರು ಅಂತಾರ, ಮೂರು!"

ಅವ್ವ ನಗಲಿಲ್ಲ. "ಅದ್ರಾಗೇನ್ ನಗೂದದ? ಹೊತ್ತು ಏರಿ ಮೂರು ತಾಸ ಆಗ್ಯಾದ ಅಂತಾರ. ನಿಮ್ಮ ಆಯಿ ಹೊಲಕ್ಕ ಹೋಗೂವಾಗ ಹಂಗೇ ಅಂತಿದ್ಲಲ್ಲ, ಎರಡು ತಾಸ ಹೊತ್ತು ಏರ್ತು, ಬುತ್ತಿ ಕಟ್ಟು ಅಂತ. ಆಕಿ ಬಲ್ಲಿ ಎಲ್ಲಿತ್ತು ಗಡಿಯಾರ?"

ಅಜ್ಜಿಯ ಆ ಮಾತು ಕೇಳಿ ನಾರು ನನ್ನ ಕೈಯಲ್ಲೇ ಉಳಿಯಿತು. ತಾಸು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಬಾಯಿಂದ ಉಗುಳಿಬಿಟ್ಟಿದ್ದ ಮಾತು. ಆಫೀಸಿನಲ್ಲಿ ಒಮ್ಮೆ "ಎರಡು ತಾಸು ಬೇಕು" ಎಂದಾಗ ಎಲ್ಲರೂ ತಿರುಗಿ ನೋಡಿದ್ದರು. ಅಂದಿನಿಂದ ಗಂಟೆ, ಗಂಟೆ, ಗಂಟೆ. ಬೇರೆಯವರ ಕರಡಿನಲ್ಲಿ ತಾಸು ಕಂಡರೂ ಹೊಡೆದುಹಾಕುತ್ತಿದ್ದವಳು ನಾನೇ.

"ಅವ್ವ, ನಿನಗ ಕೈ ಮುಗೀತೀನಿ," ಎಂದೆ.

"ಬಿಸಲಾಗ ತಲಿ ಮ್ಯಾಲ ಸೆರಗು ಹಾಕ್ಕೊ," ಎಂದು ಫೋನ್ ಇಟ್ಟಳು. ನಾನು ಚೂಡಿದಾರದಲ್ಲಿದ್ದೆ ಎಂಬುದು ಅವಳಿಗೆ ನೆನಪಿರಲಿಲ್ಲ.

ಸಮುದ್ರ ಸ್ವಲ್ಪ ಸ್ವಲ್ಪವೇ ಹತ್ತಿರ ಬಂತು. ದೊಡ್ಡ ಹಂಡೆಗಳಲ್ಲಿ ಪಿಲಾವ್ ಬೆಂದಿತು. ನಮಗೂ ತಟ್ಟೆ ತುಂಬ ಬಡಿಸಿದರು; ತಟ್ಟೆಗೆ ಅವರು 'ಸಹಾನಿ' ಎಂದರು, ಸ್ವಾಮಿ ಅಣ್ಣ ಎರಡನೆಯ ಸಹಾನಿ ಕೇಳಿ ಪಡೆದರು. ಮೂರೂವರೆಗೆ ಧೂಳೆಬ್ಬಿಸಿಕೊಂಡು ಟ್ಯಾಕ್ಸಿಯೊಂದು ಬಂತು. ಹಮೀಸ್! ಮಧ್ಯಾಹ್ನ ಒಂದಕ್ಕೆ ಬಂದು ನಮ್ಮನ್ನು ಕಾಣದೆ, ಬಿ ಜುಹುರಾ ಜೊತೆ ಸೇರಿ ಬೀದಿ ಬೀದಿ ಹುಡುಕಿ, ಕಡೆಗೆ ಇಲ್ಲಿಗೆ ಬಂದಿದ್ದ.

"ಮೇಡಂ, ನಿಮಗೆ ಇಂಗ್ಲಿಷಲ್ಲಿ ಒಂದು ಅಂದರೆ ಒಂದೇ!" ಎಂದು ಎದೆ ಬಡಿದುಕೊಂಡ. "ಪ್ರವಾಸಿಗಳಿಗೆ ನಾನೇ ಕೂಡಿಸಿ ಕಳೆದು ಹೇಳ್ತೀನಿ. ನೀವ್ಯಾಕೆ ಮತ್ತೆ ಕೂಡಿಸಿದಿರಿ?"

ಅಷ್ಟರಲ್ಲಿ ಪ್ರಾರ್ಥನೆ ಮುಗಿದು ಹಗ್ಗ ಎಳೆಯಲು ಜನ ಸಾಲಾಗಿದ್ದರು. ಯಾರೋ ಸ್ವಾಮಿ ಅಣ್ಣನ ತೋಳು ಹಿಡಿದು ಸಾಲಿಗೆ ಸೇರಿಸಿಬಿಟ್ಟರು. ಅವರು ತಿರುಗಿ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, "ಬಟನ್ ಒತ್ತು, ಸಾಕು!" ಎಂದು ಕೂಗಿದರು.

"ಅಣ್ಣ, ನಂಗೆ ಬರಲ್ಲ!"

"ನಂಗೂ ದೋಣಿ ಎಳೆಯಕ್ಕೆ ಬರಲ್ಲ!"

ಒಬ್ಬರು ಹಾಡಿನ ಸಾಲು ಎತ್ತಿದರು, ಉಳಿದವರು ಅದರ ತುದಿ ಹಿಡಿದು ಎಳೆದರು. ದೋಣಿ ಕಿರುಗುಟ್ಟಿತು, ಅಲುಗಲಿಲ್ಲ. ಮತ್ತೆ ಎಳೆದರು. ಒಂದು ಮೊಳ. ಇನ್ನೊಂದು. ಸ್ವಾಮಿ ಅಣ್ಣ ತಮಿಳಿನಲ್ಲಿ ಏನೋ ಕೂಗುತ್ತಿದ್ದರು, ಪಕ್ಕದವರು ಅದನ್ನೇ ತಿರುಗಿ ಕೂಗುತ್ತಿದ್ದರು. ಅಲೆ ನನ್ನ ಮೊಣಕಾಲಿಗೆ ಬಂತು. ನಾನು ಹಿಂದೆ ಹಿಂದೆ ನಡೆಯುತ್ತಾ ಕಣ್ಣುಮುಚ್ಚಿ ಒತ್ತಿದೆ, ಕಣ್ಣು ತೆರೆದು ಒತ್ತಿದೆ, ಬೀಳುತ್ತಾ ಒತ್ತಿದೆ. ದೋಣಿ ಒಮ್ಮೆಲೇ ಹಗುರಾಗಿ ನೀರಿಗೆ ಜಾರಿತು. ಎಳೆಯುತ್ತಿದ್ದವರೆಲ್ಲ ಒಟ್ಟಿಗೆ ನೀರಿಗೆ ಬಿದ್ದರು. ಎಲ್ಲಕ್ಕಿಂತ ಮೇಲೆ ಸ್ವಾಮಿ ಅಣ್ಣನ ಕೈ, ಬೆಂಗಳೂರಿನ ಗಡಿಯಾರ ಒದ್ದೆಯಾಗದಂತೆ ಎತ್ತಿ ಹಿಡಿದದ್ದು.

ಏಳನೆಯ ದಿನ, ಬಿ ಜುಹುರಾರ ತಾರಸಿ

ಮಾರನೆಯ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. ಹೆಸರುಗಳ ನಿಯಮಕ್ಕೆ ಬೇಗ ಒಪ್ಪಿದರು. ಸಮಯದ ವಿಷಯ ಬಂದಾಗ ದನಿ ಗಟ್ಟಿಯಾಯಿತು.

"ರೈಲ್ವೆ ಟೈಮ್ ಹಾಕಿ ಮುಗಿಸು ಸುಜಾತಾ. ನಮ್ ಬುಕ್ ನೋಡಿ ಒಬ್ರು ಫೆರಿ ಮಿಸ್ ಮಾಡ್ಕೊಂಡ್ರೂ ಮರ್ಯಾದೆ ಹೋಗುತ್ತೆ."

"ಫೆರಿಗೆ ಅದೇ ಹಾಕೋಣ ಮೇಡಂ. ಟಿಕೆಟ್ ಮೇಲೆ ಅದೇ ಇರುತ್ತೆ. ಆದ್ರೆ ಜುಮಾ ಅಂಥವ್ರು ಎರಡು ಅಂತಾನೇ ಹೇಳೋದು. ಅದನ್ನ ನಾವು ಎಂಟು ಅಂತ ಬರೆದ್ರೆ, ಓದಿದವ್ರು ಅಲ್ಲಿ ಎರಡು ಅಂತ ಕೇಳಿಸ್ಕೊಂಡು ನನ್ನ ಥರಾನೇ ಮಧ್ಯಾಹ್ನ ಹೋಗಿ ನಿಲ್ತಾರೆ. ಎರಡೂ ಇರ್ಬೇಕು, ಬೆರೆಯಬಾರ್ದು. ಗಡಿಯಾರದ್ದಕ್ಕೆ ಗಂಟೆ. ಹೊತ್ತು ಹುಟ್ಟಿದ ಮೇಲೆ ಎಣಿಸೋದಕ್ಕೆ ತಾಸು."

"ತಾಸು ಈ ಕಡೆಯವ್ರಿಗೆ ಗೊತ್ತಾಗಲ್ಲಮ್ಮ. ಅದು ನಿಮ್ ಕಡೆ ಮಾತು."

ಎಂದಿನಂತೆ "ಸರಿ ಮೇಡಂ" ಎನ್ನಲು ಬಾಯಿ ತೆರೆದೆ.

"ನಮ್ ಕಡೆ ಮಾತೂ ಕನ್ನಡಾನೇ ಮೇಡಂ," ಎಂದೆ. "ಆ ಕಡೆಯವ್ರೂ ಪುಸ್ತಕ ಕೊಳ್ತಾರೆ. ಈ ಕಡೆಯವ್ರಿಗೆ ಮೊದಲ ಪುಟದಲ್ಲಿ ಒಂದು ಸಾಲು ಹೇಳಿದ್ರೆ ಸಾಕು."

ಕೆಳಗಿನ ಓಣಿಯಲ್ಲಿ ಯಾರೋ ಬಾಗಿಲ ಹೊರಗೆ ನಿಂತು "ಹೋದಿ!" ಎಂದು ಕೂಗಿ ಒಳಗೆ ಬರಲು ಅಪ್ಪಣೆ ಕೇಳುತ್ತಿದ್ದರು. ಸ್ವಾಮಿ ಅಣ್ಣ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಮೇಡಂ, ಸ್ವಾಮಿ. ಟಿಕೆಟಲ್ಲಿ ಇರೋದು ಗಂಟೆ. ಬಾಯಲ್ಲಿ ಹೇಳೋದು ತಾಸು. ತಾಸಿಗೆ ಆರು ಸೇರಿಸಿದ್ರೆ ಗಂಟೆ, ಹನ್ನೆರಡು ದಾಟಿದ್ರೆ ಹನ್ನೆರಡು ಕಳಿ. ಅಷ್ಟೇ. ಇವತ್ತು ಬೆಳಿಗ್ಗೆ ನಾನೊಬ್ನೇ ಹೋಗಿ ಎರಡು ತಾಸಿಗೆ ಜುಮಾ ದೋಣಿ ಹತ್ತಿ, ಆಮೆ ನೋಡ್ಕೊಂಡ್ ಬಂದೆ."

"ನಿಮಗೆ ಅರ್ಥ ಆಯ್ತಾ ಸ್ವಾಮಿ?"

"ನಮ್ಮನೇಲಿ ತಮಿಳು ಮೇಡಂ. ನಂಗೇ ಒಂದ್ ನಿಮಿಷದಲ್ಲಿ ಅರ್ಥ ಆಯ್ತು. ಕನ್ನಡದವ್ರಿಗೆ ಆಗಲ್ವಾ?"

ಮೇಡಂ ನಕ್ಕದ್ದು ನನಗೂ ಕೇಳಿಸಿತು. ಆಮೇಲೆ ಹಿಂದಿನ ರಾತ್ರಿ ಕಳಿಸಿದ್ದ ಫೋಟೋಗಳ ಮಾತು ಬಂತು. "ಮುಖಪುಟಕ್ಕೆ ಆ ದೋಣೀದು ಚೆನ್ನಾಗಿದೆ. ಆದ್ರೆ ಸಮುದ್ರ ಯಾಕೆ ಒಂದ್ ಕಡೆ ಚೆಲ್ತಾ ಇದೆ?"

"ತೆಗೆದವ್ರು ಬೀಳ್ತಾ ಇದ್ರು ಮೇಡಂ," ಎಂದರು ಸ್ವಾಮಿ ಅಣ್ಣ.

ಟಿನ್ ಫ್ಯಾಕ್ಟರಿ, ಪುಸ್ತಕ ಬಂದ ಮೇಲೆ

ಮುಖಪುಟದ ಮೇಲೆ ಚೆಲ್ಲುವ ಸಮುದ್ರ, ಒಳಗೆ ತಾಸು: ಎರಡನ್ನೂ ಉಳಿಸಿಕೊಂಡೇ ಪುಸ್ತಕ ಅಚ್ಚಾಯಿತು. ಮೊದಲ ಪ್ರತಿಯನ್ನು ಅವ್ವ ಪಿ.ಜಿ. ಅಡುಗೆಮನೆಗೆ ಒಯ್ದಳು. ಅಲ್ಲಿ ತರಕಾರಿ ಹೆಚ್ಚುವ ಯಾದಗಿರಿಯ ಹೆಂಗಸೊಬ್ಬರು ಗಟ್ಟಿಯಾಗಿ ಓದುತ್ತಿದ್ದರಂತೆ, ಉಳಿದವರು ಕೇಳುತ್ತಿದ್ದರಂತೆ. ನಾಲ್ಕನೆಯ ದಿನ ಅವ್ವ ಕೋಣೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಪಾಸ್‌ಪೋರ್ಟ್ ಮಾಡಸಾಕ ಏನೇನು ಬೇಕಾಗ್ತದ?"

ಆ ಭಾನುವಾರ ಟಿನ್ ಫ್ಯಾಕ್ಟರಿ ಬಳಿಯ ಸೈಬರ್ ಅಂಗಡಿಗೆ ಹೋದೆವು. ಕಂಪ್ಯೂಟರ್ ಮುಂದಿದ್ದ ಹುಡುಗಿ ಅವ್ವನ ಕಾಗದಗಳನ್ನು ಹರಡಿ ಗೊಂದಲಕ್ಕೆ ಬಿದ್ದಳು. ಒಂದರಲ್ಲಿ ಚಂದ್ರಭಾಗಾ, ಒಂದರಲ್ಲಿ ಚಂದ್ರಬಾಗಿ, ಇನ್ನೊಂದರಲ್ಲಿ ಚಂದ್ರಭಾಗಮ್ಮ.

"ಯಾವ್ದು ಸರಿ ಆಂಟಿ? ಒಂದೇ ಥರ ಇರ್ಬೇಕು. ಮಿಕ್ಕಿದ್ದನ್ನ ತಿದ್ದಿಸ್ಬೇಕಾಗುತ್ತೆ."

ಅವ್ವ ನನ್ನ ಮುಖ ನೋಡಿದಳು. ಒಂದು ಇಡೀ ದ್ವೀಪದ ಹೆಸರುಗಳನ್ನು ತೀರ್ಮಾನಿಸಿ ಬಂದವಳು ನಾನು. ಆದರೆ ಅವಳನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ.

"ನೀನೇ ಹೇಳವ್ವ," ಎಂದೆ.

ಹೊರಗೆ ಬಸ್ಸುಗಳು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದವು. ಅವ್ವ ಸೆರಗು ಸರಿಮಾಡಿಕೊಂಡು, ಕೌಂಟರಿನ ಮೇಲೆ ಎರಡೂ ಕೈಯೂರಿ, ಆ ಗದ್ದಲದ ಮೇಲೂ ಕೇಳುವ ಹಾಗೆ ಹೇಳಿದಳು.

"ಚಂದ್ರಭಾಗವ್ವ."

ಯಾವ ಕಾಗದದಲ್ಲೂ ಇಲ್ಲದ ಹೆಸರು. ಹುಡುಗಿ ಕಕ್ಕಾಬಿಕ್ಕಿಯಾಗಿ ನನ್ನತ್ತ ತಿರುಗಿದಳು.

"ಹಂಗೇ ಹಾಕಿ," ಎಂದೆ. "ಎಲ್ಲಾನೂ ತಿದ್ದಿಸೋಣ."